ಇಪ್ಪತ್ತೈದನೇ ಮೆಟ್ಟಿಲಿನವರೆಗೆ

ಜನವರಿ ೯, ಗುರುವಾರ

ಬಂದು ಸೇರಿದೆ. ಬಾಣಂತನಕ್ಕೆಂದು ಅಮ್ಮ ನನ್ನನ್ನು ಕಳಿಸಿದ ಮನೆಗಳಲ್ಲಿ ಇದು ಹನ್ನೆರಡನೆಯದು. ಇಂಗ್ಲಿಷರ ಮನೆ, ಎಂದರೆ ಕರೆಂಟು, ಫೋನು, ಕಾರು ಇಟ್ಟುಕೊಂಡ ಹೊರಗಿನವರ ಮನೆ, ಇದೇ ಮೊದಲು. ಯಜಮಾನರ ಹೆಸರು ರಸ್. ಲಾರಿ ಓಡಿಸುತ್ತಾರೆ. ನನ್ನ ಗಂಟನ್ನು ಒಳಗಿಡುತ್ತ ಅವರು, "ನಮ್ಮಜ್ಜ ಐರ್ಲೆಂಡಿಂದ ಬಂದೋನು, ನನ್ನ ಹೆಂಡ್ತಿ ಅಜ್ಜಿ ಪೋಲೆಂಡಿನೋಳು. ನಿಮ್ಮ ಆಮಿಶ್ ಜನರ ಬಾಯಲ್ಲಿ ಮಾತ್ರ ನಾವೆಲ್ಲ ಇಂಗ್ಲಿಷರು ನೋಡು" ಎಂದರು. ತಮಾಷೆಗೆ ಹೇಳಿದ್ದು. ನಗಬೇಕಿತ್ತು. ನೆಲ ನೋಡಿದೆ.

ಮನೆ ಗುಡ್ಡದ ಇಳಿಜಾರಿಗೆ ಅಂಟಿಕೊಂಡಿದೆ. ಎಲ್ಲಕ್ಕಿಂತ ಕೆಳಗೆ ನೆಲಮಾಳಿಗೆ, ಅಲ್ಲಿ ಬಟ್ಟೆ ಒಗೆಯುವ ಯಂತ್ರ, ನನ್ನ ಮಂಚ. ಏಳು ಮೆಟ್ಟಿಲು ಹತ್ತಿದರೆ ಅಡುಗೆಮನೆ, ಕೂರುವ ಕೋಣೆ. ಇನ್ನೇಳು ಹತ್ತಿದರೆ ಒಂದು ಸಣ್ಣ ನಡುಮನೆ. ಅಲ್ಲಿಂದ ಹನ್ನೊಂದು ಮೆಟ್ಟಿಲು ಹತ್ತಿದರೆ ಸೂರಿನಡಿಯ ಕೋಣೆ. ರಸ್ ಅವರ ಹೆಂಡತಿ ಕೋರಿನ್ ಅವರು ಅಲ್ಲಿದ್ದಾರೆ. ಮೆಟ್ಟಿಲು ಇಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಏಳನೇ ತಿಂಗಳು, ರಕ್ತದೊತ್ತಡ ಏರುತ್ತದೆ.

ನರ್ಸ್ ಒಬ್ಬಳು ಬಂದು ಹೊಟ್ಟೆಗೆ ಕಟ್ಟುವ ಪಟ್ಟಿ, ತೋಳಿಗೆ ಕಟ್ಟುವ ಪಟ್ಟಿ ಎರಡನ್ನೂ ತೋರಿಸಿಕೊಟ್ಟಳು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ ಕಟ್ಟಿಕೊಂಡರೆ ಕೂಸಿನ ಎದೆಬಡಿತ ವೈಫೈ ಮೂಲಕ ಆಸ್ಪತ್ರೆಗೆ ಹೋಗುತ್ತದಂತೆ. "ಬಡಿತ ಬರ್ತಾ ಇದ್ರೆ ಮನೇಲೇ ಇರಿ. ಒಂದು ವಾರದಲ್ಲಿ ಎರಡು ಸಲ ತಪ್ಪಿದ್ರೆ ಹೆರಿಗೆಯವರೆಗೂ ನಮ್ಮಲ್ಲೇ ಮಲಗಬೇಕಾಗುತ್ತೆ" ಎಂದಳು. ಕೋರಿನ್ ಅವರು ಗೋಡೆಯ ಕಡೆ ತಿರುಗಿಕೊಂಡರು.

ಆ ವೈಫೈ ಪೆಟ್ಟಿಗೆ ಇರುವುದು ನೆಲಮಾಳಿಗೆಯಲ್ಲಿ, ನನ್ನ ತಲೆದೆಸೆಯಲ್ಲೇ. ಅದರ ಹಸಿರು ದೀಪ ಮಿಟುಕುತ್ತಲೇ ಇರುತ್ತದೆ. ಅದರ ಮೇಲೆ ನನ್ನ ಏಪ್ರನ್ ಹಾಕಿ ಮಲಗಬೇಕೆಂದುಕೊಂಡೆ. ಅದು ಅವರದು, ಮುಟ್ಟಲಿಲ್ಲ.

ಜನವರಿ ೧೨, ಭಾನುವಾರ

ಹಿಮ. ರಸ್ ನಿನ್ನೆಯೇ ಟೆಕ್ಸಸಿಗೆ ಹೋದರು. ಇವತ್ತು ನಮ್ಮವರ ಪ್ರಾರ್ಥನೆಯ ಭಾನುವಾರ. ಹೋಗಲಾಗಲಿಲ್ಲ. ಕಿಟಕಿಯಲ್ಲಿ ಬಿಳಿ ಬಿಟ್ಟು ಬೇರೇನಿಲ್ಲ. ಅವರು ಮೇಲೆ, ನಾನು ಕೆಳಗೆ. ಮೆಟ್ಟಿಲು ಹತ್ತಿದೆ, ಇಳಿದೆ. ಸೂಪು, ಹಾಸಿಗೆ, ಬಟ್ಟೆ.

ಹೊರಡುವ ಮೊದಲು ರಸ್ ಒಂದು ಮರಿಪೆಟ್ಟಿಗೆ ತಂದು ಕೋರಿನ್ ಅವರ ಮಂಚದ ಪಕ್ಕಕ್ಕೇ ಸಿಕ್ಕಿಸಿದ್ದರು. ದೊಡ್ಡ ಪೆಟ್ಟಿಗೆಯ ಅಲೆಯನ್ನು ಹಿಡಿದು ಮುಂದಕ್ಕೆ ಕಳಿಸುವುದು ಅದರ ಕೆಲಸ. "ಎಲ್ಲಿ ಬೇಕೋ ಅಲ್ಲೇ ಇಟ್ಟಿದ್ದೀನಿ, ಇನ್ನೇನು ಭಯ" ಎಂದಿದ್ದರು. ಬೆಳಿಗ್ಗೆಯಿಂದ ಅದರ ದೀಪ ಕೆಂಪಾಗಿದೆ.

ಜನವರಿ ೧೪, ಮಂಗಳವಾರ

ಬೆಳಗಿನ ಎಂಟರದು ಹೋಗಲಿಲ್ಲ. ನರ್ಸ್ ಅಡುಗೆಮನೆಯ ಟ್ಯಾಬಿಗೆ ಕರೆ ಮಾಡಿದಳು. ಈ ಕಣಿವೆಯಲ್ಲಿ ಫೋನಿನ ಗೋಪುರವಿಲ್ಲ. ಫೋನೂ ಆ ಪೆಟ್ಟಿಗೆಯಿಂದಲೇ ಬದುಕಬೇಕು. "ಒಂದಾಯ್ತು" ಎಂದಳು ನರ್ಸ್.

ಹೇಳಲು ಮೇಲೆ ಹೋದೆ. ಕೋರಿನ್ ಅವರು ಅಳಲಿಲ್ಲ. ಕೂದಲಿಗೆ ಬಾಚಣಿಗೆ ಸೋಕದೆ ಎಷ್ಟೋ ದಿನವಾಗಿದೆ, ಬಾಚಿಕೊಡುತ್ತಿದ್ದೆ. ಆಗ ಹೇಳಿದರು. ಎರಡು ವರ್ಷದ ಹಿಂದೆ ಅದೇ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಹತ್ತೊಂಬತ್ತು ದಿನ ಮಲಗಿದ್ದರಂತೆ. ಇಪ್ಪತ್ತನೇ ದಿನ ಬೆಳಿಗ್ಗೆ ಯಂತ್ರದಲ್ಲಿ ಬಡಿತ ಕೇಳಲಿಲ್ಲವಂತೆ.

"ಆ ಮಹಡಿಗೆ ಹೋದ್ರೆ ನನ್ನ ಒತ್ತಡ ಏರೋದು ಬಿಟ್ಟು ಇಳಿಯುತ್ತಾ, ಹೇಳು ಮಲಿಂಡಾ. ಅಲ್ಲಿಗೆ ಹೋಗದೇ ಇರೋ ಹಾಗೆ ಮಾಡು. ಈ ಫೋನ್ ಹಿಡ್ಕೊಂಡು ಮೆಟ್ಟಿಲಿಳಿದು ಹೋಗು. ಮೂಲೇಲಿ ಗೆರೆ ಕಾಣುತ್ತಲ್ಲ, ಎಲ್ಲೆಲ್ಲಿ ಎಷ್ಟಿದೆ ಅಂತ ಬಂದು ಹೇಳು."

"ನನಗೆ ಇದೆಲ್ಲ ಗೊತ್ತಾಗಲ್ಲ. ಎಂಟನೇ ತರಗತಿ ಓದಿರೋಳು ನಾನು."

"ನಾಲ್ಕರವರೆಗೆ ಎಣಿಸೋಕೆ ಬರುತ್ತಲ್ಲ? ಗೆರೆ ನಾಲ್ಕೇ ಇರೋದು."

ಮುಟ್ಟುವುದಿಲ್ಲ ಎನ್ನಬೇಕೆಂದಿದ್ದೆ. ಮುಟ್ಟಿದೆ.

ಜನವರಿ ೧೫, ಬುಧವಾರ

ಕ್ಯಾಲೆಂಡರಿನ ಹಿಂದೆ ಮೆಟ್ಟಿಲುಗಳನ್ನು ಬರೆದುಕೊಂಡೆ, ಹೊದಿಕೆ ಹೊಲಿಯುವ ಮೊದಲು ತುಂಡುಗಳ ಲೆಕ್ಕ ಬರೆದುಕೊಳ್ಳುವ ಹಾಗೆ. ಒಂದರಿಂದ ಆರರವರೆಗೆ ನಾಲ್ಕು ಗೆರೆ. ಹನ್ನೊಂದಕ್ಕೆ ಮೂರು. ಹದಿನಾಲ್ಕಕ್ಕೆ ಎರಡು. ಹದಿನೆಂಟಕ್ಕೆ ಒಂದು. ಹತ್ತೊಂಬತ್ತಕ್ಕೆ ಇಲ್ಲ. ಅಲ್ಲಿಂದ ಮೇಲೆ ಇಪ್ಪತ್ತೈದರವರೆಗೂ ಇಲ್ಲ.

ಕೋರಿನ್ ಅವರಿಗೆ ನಿದ್ದೆ ಹತ್ತಿತ್ತು. ಪೆಟ್ಟಿಗೆ ಮಾರಿದ ಕಂಪನಿಯವರಿಂದ ಟ್ಯಾಬಿಗೆ ಕರೆ ಬಂತು. ನಾನೇ ಮಾತಾಡಬೇಕಾಯಿತು. 

"ನಿಮ್ಮ ಮನೆ ಎಷ್ಟು ಅಂತಸ್ತು ಮೇಡಂ?"

"ಇದು ನಮ್ಮ ಮನೆ ಅಲ್ಲ."

"ಸರಿ. ಎಷ್ಟು ಅಂತಸ್ತು?"

"ಇಪ್ಪತ್ತೈದು ಮೆಟ್ಟಿಲು."

ಆ ಮನುಷ್ಯ ಮರಿಪೆಟ್ಟಿಗೆ ಎಲ್ಲಿದೆಯೆಂದು ಕೇಳಿದ, ಹೇಳಿದೆ. ಆಮೇಲೆ, "ಮರಿಪೆಟ್ಟಿಗೇನ ಅಲೆ ಸತ್ತಿರೋ ಕಡೆ ಇಡಬೇಡಿ, ಇನ್ನೂ ಜೀವ ಇರೋ ಕಡೆ ಇಡಿ. ಹಸಿದಿರೋನ ಕೈಯಲ್ಲಿ ಬಡಿಸೋಕೆ ಸೌಟು ಕೊಟ್ರೆ ಏನು ಬಡಿಸ್ತಾನೆ, ಪಾತ್ರೆ ಖಾಲಿ" ಎಂದ. ಇದು ಅರ್ಥವಾಯಿತು.

ಜನವರಿ ೧೮, ಶನಿವಾರ

ಮರಿಪೆಟ್ಟಿಗೆಯನ್ನು ಹದಿನಾಲ್ಕನೇ ಮೆಟ್ಟಿಲಿನ ಪಕ್ಕಕ್ಕೆ ತಂದೆ. ಮೇಲೆ ಒಂದು ಗೆರೆ ಬಂತು, ಹೋಯಿತು. ನಿನ್ನೆ ಎರಡರದು ಅರ್ಧ ಹೋಗಿ ನಿಂತಿತು. ಮತ್ತೆ ಕಟ್ಟಿಕೊಂಡಾಗ ಹೋಯಿತು. ನರ್ಸ್ ಅದನ್ನು ತಪ್ಪೆಂದು ಎಣಿಸಲಿಲ್ಲ.

ಅಡ್ಡ ಬರುತ್ತಿರುವುದು ಯಾವುದು? ಮನೆಯ ನಡುವೆ ಕಲ್ಲಿನ ಹೊಗೆಗೂಡು ನಿಂತಿದೆ. ಮೆಟ್ಟಿಲಿನ ಪಕ್ಕದ ಹಳೆಯ ಗೋಡೆಗೆ ಮೊಳೆ ಹೊಡೆದರೆ ಒಳಗೆ ಏನೋ ಕಚ್ಚುತ್ತದೆ. ಮೂಲೆಯಲ್ಲಿ ಗಾರೆ ಉದುರಿದ ಕಡೆ ಚಾಕುವಿನ ತುದಿಯಿಂದ ಕೆರೆದೆ. ಕಬ್ಬಿಣದ ಜಾಲರಿ. ಗಾರೆ ಹಿಡಿದು ನಿಲ್ಲಲೆಂದು ಹಿಂದಿನವರು ಹಾಕಿದ್ದು. ಇಡೀ ಮೆಟ್ಟಿಲಸಾಲು ಕೋಳಿಗೂಡಿನೊಳಗಿದೆ. ಕೋರಿನ್ ಅವರಿಗೆ ಹೇಳಿದೆ.

"ನಾನು ಒಂಬತ್ತು ದಿನದಿಂದ ಅದನ್ನೇ ಹೇಳ್ತಿದ್ದೀನಲ್ಲ, ಗೂಡು ಅಂತ" ಎಂದು ನಕ್ಕರು. ಬಂದಮೇಲೆ ಅವರು ನಕ್ಕಿದ್ದು ನೋಡಿದ್ದು ಇವತ್ತೇ.

ಜನವರಿ ೨೨, ಬುಧವಾರ

ಮೂರು ದಿನ ಬರೆಯಲಾಗಲಿಲ್ಲ. ಗ್ಯಾರೇಜಿನಲ್ಲಿ ಪೆಟ್ಟಿಗೆಗೆ ಸಿಕ್ಕಿಸುವಂಥದ್ದೇ, ಸುರುಳಿ ಸುತ್ತಿದ ಉದ್ದನೆಯ ತಂತಿ ಸಿಕ್ಕಿತು. ಅದನ್ನು ನೆಲಮಾಳಿಗೆಯಿಂದ ಮೆಟ್ಟಿಲಿನ ಅಂಚಿಗೆ ಒತ್ತಿ, ಇಡೀ ದೊಡ್ಡ ಪೆಟ್ಟಿಗೆಯನ್ನೇ ಮೇಲಕ್ಕೆ ತಂದೆ. ಹದಿನಾಲ್ಕನೇ ಮೆಟ್ಟಿಲಿನ ನಡುಮನೆಯಲ್ಲಿ, ಗೋಡೆಯಿಂದ ದೂರ, ಸ್ಟೂಲಿನ ಮೇಲೆ. ಪ್ಲಗ್ಗು ಅಲ್ಲೇ ಇದೆ. ಮರಿಪೆಟ್ಟಿಗೆಯನ್ನು ಇಪ್ಪತ್ತೆರಡನೇ ಮೆಟ್ಟಿಲಿಗೆ ಏರಿಸಿದೆ. ತಂತಿಗೆ ಹೊಡೆಯಲು ಬಾಯಲ್ಲಿ ಸಣ್ಣ ಮೊಳೆಗಳನ್ನಿಟ್ಟುಕೊಂಡಿದ್ದೆ. ಕೋರಿನ್ ಮೇಲಿನಿಂದ ಕೂಗುತ್ತಲೇ ಇದ್ದಳು.

"ಎರಡು. ಮಲಿಂಡಾ, ಎರಡು. ಇರು, ಮೂರು. ಅಲ್ಲೇ ನಿಲ್ಲು, ಕೈ ತೆಗೀಬೇಡ."

"ಕೈ ತೆಗೀದೆ ನಾನು ಇಲ್ಲೇ ನಿಂತಿರ್ಲಾ, ಹೆರಿಗೆಯಾಗೋವರೆಗೂ?"

"ನಿಂತಿರು. ಊಟಾನ ಹಗ್ಗದಲ್ಲಿ ಇಳಿಬಿಡ್ತೀನಿ."

ಎರಡು ಗಂಟೆಯದು ಒಂದೇ ಉಸಿರಿಗೆ ಹೋಯಿತು. ಕೂಸಿನ ಎದೆ ಕುದುರೆ ಓಡಿದಂತೆ ಬಡಿಯುವುದನ್ನು ಅವಳು ನನಗೂ ಕೇಳಿಸಿದಳು.

ಜನವರಿ ೨೭, ಸೋಮವಾರ

ತಪ್ಪಿಲ್ಲದೆ ಐದು ದಿನ. ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ ಮಾತ್ರ ಒಂದು ಗೆರೆ. ಸ್ಟೂಲನ್ನು ಎರಡು ಗೇಣು ಸರಿಸಿದೆ, ಮೂರಾಯಿತು. ಅಲ್ಲಿ ಯಾರೂ ಏನೂ ಮಾಡುವುದಿಲ್ಲ. ಆದರೂ ಇರಲಿ.

ಹಿಮ ಬಾಗಿಲ ಅರ್ಧಕ್ಕೆ ಬಂದಿದೆ. ಕಸದ ಡಬ್ಬಿಯವರೆಗೆ ಮಾತ್ರ ದಾರಿ ತೋಡಿದ್ದೇನೆ. ಕೆಲವು ದಿನ ಮಧ್ಯಾಹ್ನ ಉಸಿರು ಕಟ್ಟಿದ ಹಾಗಾಗುತ್ತದೆ. ಆಗ ಫೋನು ಹಿಡಿದು ಇಪ್ಪತ್ತೈದೂ ಮೆಟ್ಟಿಲು ಹತ್ತಿ ಇಳಿದು ಗೆರೆ ನೋಡಿಕೊಂಡು ಬರುತ್ತೇನೆ. ಸಮಾಧಾನವಾಗುತ್ತದೆ.

ಅಮ್ಮನ ಕಾಗದ ಬಂದಿದೆ. ಬರುವ ಭಾನುವಾರ ಆಡಾ ಚಿಕ್ಕಮ್ಮನ ಜೊತೆ ಬರುತ್ತಾಳಂತೆ. ಇಲ್ಲಿಯದು ಮುಗಿಯುತ್ತಲೇ ಚಿಕ್ಕಮ್ಮನ ಮಗಳ ಬಾಣಂತನಕ್ಕೆ ನಾನು ಹೋಗಬೇಕೆಂದು ಮಾತಾಗಿದೆಯಂತೆ. ನನ್ನನ್ನು ಕೇಳಿಲ್ಲ. ಯಾವತ್ತೂ ಕೇಳಿಲ್ಲ.

ಫೆಬ್ರವರಿ ೨, ಭಾನುವಾರ

ಇದನ್ನು ಬರೆಯಲೇಬೇಕು. ಬೇರೆ ಯಾರಿಗೂ ಹೇಳಲಾರೆ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಕಿಟಕಿಯಲ್ಲಿ ಕುದುರೆಗಾಡಿ ಕಂಡಿತು. ಕೋರಿನ್ ಮೇಲೆ ಪಟ್ಟಿ ಕಟ್ಟಿಕೊಳ್ಳಲು ತಯಾರಾಗುತ್ತಿದ್ದಳು. ನಾನು ಕೂರುವ ಕೋಣೆಯಲ್ಲಿ ನಿಂತು ತಲೆಯೆತ್ತಿ ನೋಡಿದೆ. ಅಲ್ಲಿಂದ ನಡುಮನೆ ನೇರ ಕಾಣುತ್ತದೆ, ಸ್ಟೂಲಿನ ಮೇಲೆ ಪೆಟ್ಟಿಗೆ, ಅದರ ದೀಪ, ಅಂಚಿನುದ್ದಕ್ಕೂ ನಾನು ಹೊಡೆದ ಮೊಳೆ, ನನ್ನ ಕೈಬರಹದ ಕ್ಯಾಲೆಂಡರ್. ಆಡಾ ಚಿಕ್ಕಮ್ಮನ ಗಂಡ ನಮ್ಮ ಸಭೆಯ ಸೇವಕರು. ಯಾರ ಮನೆಯಲ್ಲಿ ಏನು ತಪ್ಪು ನಡೆಯಿತೆಂದು ವಿಚಾರಿಸುವವರು ಅವರೇ. ನಮ್ಮಲ್ಲಿ ಫೋನು ಹೊಲದ ಕೊನೆಯ ಗುಡಿಸಲಲ್ಲಿರುತ್ತದೆ. ಮನೆಯೊಳಗೆ ಅಂಥದ್ದು ಕಣ್ಣಿಗೆ ಬೀಳಬಾರದು.

ನಡುಮನೆಯಲ್ಲೇ ಮೆಟ್ಟಿಲ ಪಕ್ಕದಲ್ಲಿ ಕೋರಿನ್‌ಳ ತಿಂಡಿ ಇಡುವ ಬೀರು ಇದೆ, ನಮ್ಮ ಬಡಗಿಯೊಬ್ಬರೇ ಮಾಡಿದ್ದು. ಸುತ್ತ ತಗಡು, ತಗಡಿನಲ್ಲಿ ಮೊಳೆಯಿಂದ ಹೊಡೆದ ಸಣ್ಣ ತೂತುಗಳು. ಗಾಳಿ ಆಡುತ್ತದೆ, ನೊಣ ಹೋಗುವುದಿಲ್ಲ. ಪೆಟ್ಟಿಗೆಯನ್ನು ತಂತಿ ಸಮೇತ ಅದರೊಳಗಿಟ್ಟು ಬಾಗಿಲು ಮುಚ್ಚಿದೆ. ತಂತಿ ಕಿತ್ತಿಲ್ಲ, ದೀಪ ಆರಿಲ್ಲ, ಗಾಳಿ ಹೋಗುವ ತೂತಿನಲ್ಲಿ ಅದೂ ಹೋದೀತು ಎಂದುಕೊಂಡೆ. ಜಾಲರಿಯ ವಿಷಯ ಗೊತ್ತಿತ್ತು. ಆದರೂ ಹಾಗಂದುಕೊಂಡೆ.

ಇಬ್ಬರೂ ಕೂತರು. ಕಾಫಿ ಕೊಟ್ಟೆ, ಬಿಸ್ಕತ್ತು ಇಟ್ಟೆ. ಆಡಾ ಚಿಕ್ಕಮ್ಮ ಸುತ್ತ ನೋಡಿದರು.

"ಎಷ್ಟೊಂದು ಮೆಟ್ಟಿಲಪ್ಪಾ. ಇವರಿಗೆ ಬಯಲಲ್ಲಿ ಜಾಗ ಸಿಗಲಿಲ್ವೇನೋ?"

"ಕಾಲು ಗಟ್ಟಿಯಾಗ್ತವೆ ಬಿಡು" ಎಂದಳು ಅಮ್ಮ. "ನೀನು ಬಡವಾಗಿದ್ದೀಯ ಮಲಿಂಡಾ. ಊಟ ಮಾಡ್ತೀಯೋ, ಬರೀ ಹತ್ತೋದು ಇಳಿಯೋದೋ?"

ಚಿಕ್ಕಮ್ಮ ತಮ್ಮ ಮಗಳ ವಿಷಯ ತೆಗೆದರು. ಕಾಲು ಊದಿದ್ದು, ಹಸು ಕರು ಹಾಕಿದ್ದು, ಅಳಿಯನಿಗೆ ಬೆನ್ನು ಹಿಡಿದಿದ್ದು. ಹಿರಿಯರು ಮಾತಾಡುವಾಗ ನಡುವೆ ಎದ್ದುಹೋಗುವುದು ನಮ್ಮಲ್ಲಿಲ್ಲ. ಮೂರು ಗಂಟೆಯಾಗಲು ಸ್ವಲ್ಪ ಮೊದಲು ಮೇಲಿನಿಂದ ದಪ್ಪನೆ ಸದ್ದು ಬಂತು. ಮತ್ತೊಂದು.

"ಮೇಲೇನೋ ಬಿತ್ತು" ಎಂದಳು ಅಮ್ಮ.

"ಸೂರಿನಿಂದ ಹಿಮ ಜಾರ್ತಿದೆ" ಎಂದೆ.

ಚಿಕ್ಕಮ್ಮ ಮಾತು ಮುಂದುವರಿಸಿದರು. ಅದು ಹಿಮವಲ್ಲವೆಂದು ನನಗೆ ಗೊತ್ತಿತ್ತು. ಕೋರಿನ್‌ಗೆ ಏನಾದರೂ ಬೇಕಾದರೆ ಟ್ಯಾಬು ಸದ್ದು ಮಾಡುತ್ತದೆ, ಅದು ಮಾಡಿರಲಿಲ್ಲ. ಅದು ಯಾಕೆ ಸದ್ದು ಮಾಡುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಮಡಿಲಲ್ಲಿ ಕೈ ಕಟ್ಟಿ ಕೂತೇ ಇದ್ದೆ. ಅಳಿಯನ ಬೆನ್ನಿಗೆ ಯಾವ ಎಣ್ಣೆ ಹಚ್ಚಿದರೆಂದು ಪೂರ್ತಿ ಕೇಳಿದೆ. ಮತ್ತೆ ಸದ್ದು. ಈ ಸಲ ನಿಲ್ಲಲೇ ಇಲ್ಲ.

ಎದ್ದೆ. ಅವರಿಬ್ಬರ ಕಣ್ಣೆದುರೇ ಬೀರು ತೆಗೆದು, ಪೆಟ್ಟಿಗೆಯನ್ನು ಹೊರಗೆ ತಂದು ಸ್ಟೂಲಿನ ಮೇಲಿಟ್ಟೆ. ಗಡಿಯಾರದಲ್ಲಿ ಮೂರು ಹದಿನೇಳು. ಮೇಲೆ ಓಡಿದೆ.

ಕೋರಿನ್ ನೆಲದ ಮೇಲೆ ಕೂತು ಬೂಟಿನಿಂದ ಹಲಗೆಗೆ ಬಡಿಯುತ್ತಿದ್ದಳು. ಮುಖ ಊದಿತ್ತು, ಕೂಗಲು ದನಿ ಏಳುತ್ತಿರಲಿಲ್ಲ. ಒತ್ತಡದ ಯಂತ್ರ ನೂರೆಂಬತ್ತು ತೋರಿಸುತ್ತಿತ್ತು. "ಕಣ್ಣೆದುರು ಮಿಂಚ್ತಾ ಇದೆ. ಯಾವುದೂ ಹೋಗ್ತಿಲ್ಲ. ಫೋನೂ ಇಲ್ಲ. ನೀನೆಲ್ಲಿದ್ದೆ?" ಎಂದಳು. ಫೋನಿನ ಮೂಲೆಯಲ್ಲಿ ಒಂದೊಂದೇ ಗೆರೆ ಏರತೊಡಗಿದವು. ನಾನೇ ಆಸ್ಪತ್ರೆಗೆ ಕರೆ ಮಾಡಿದೆ. ಎಷ್ಟು ಜೋರಾಗಿ ಮಾತಾಡಿದೆನೋ, ಕೆಳಗೆ ಎಲ್ಲವೂ ಕೇಳಿಸಿರಬೇಕು.

ಆಂಬುಲೆನ್ಸಿನವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಪ್ಪತ್ತೈದು ಮೆಟ್ಟಿಲು ಇಳಿಸಿದರು. ಇಳಿಯುವಾಗ ಅವಳು ಕೇಳುತ್ತಿದ್ದುದು ಒಂದೇ ಮಾತು, "ನಾಲ್ಕನೇ ಮಹಡೀನಾ? ನಾಲ್ಕನೇ ಮಹಡಿಗೇನಾ?"

ಅಮ್ಮ ನನ್ನನ್ನು ನೋಡಿದಳು, ಬೀರು ನೋಡಿದಳು. 

ಫೆಬ್ರವರಿ ೩, ಸೋಮವಾರ

ಹೆಣ್ಣು. ಮೂರೂವರೆ ಪೌಂಡು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಉಸಿರಾಟಕ್ಕೆ ಕೊಳವೆ. ಕೋರಿನ್‌ಗೆ ಇನ್ನೂ ಒತ್ತಡ ಇಳಿದಿಲ್ಲ.

ಫೆಬ್ರವರಿ ೪, ಮಂಗಳವಾರ

ಇವತ್ತೂ ಹಾಗೇ.

ಫೆಬ್ರವರಿ ೬, ಗುರುವಾರ

ರಸ್ ಬಂದಿದ್ದಾರೆ. ಕಂಪನಿಗೆ ಕರೆ ಮಾಡಿ ಒಂದು ಗಂಟೆ ಕೂಗಾಡಿದರು. "ನಿಮ್ಮ ಡಬ್ಬಾ ಇವತ್ತು ಸರಿ ಇದೆ, ನಾಳೆ ಸರಿ ಇದೆ, ನನ್ನ ಹೆಂಡ್ತಿ ಸಾಯೋ ಹೊತ್ತಲ್ಲಿ ಮಾತ್ರ ಕೈ ಕೊಡುತ್ತೆ." ನಾನು ಹಿಟ್ಟು ನಾದುತ್ತಿದ್ದೆ. ಫೋನಿಟ್ಟು ನನ್ನ ಕಡೆ ತಿರುಗಿ, "ನೀನಿಲ್ಲದಿದ್ರೆ ಅವಳು ಇರ್ತಿರಲಿಲ್ಲ ಮಲಿಂಡಾ" ಎಂದರು.

ನಾದುತ್ತಲೇ ಇದ್ದೆ. ಬ್ರೆಡ್ಡು ಕಲ್ಲಾಯಿತು.

ಬಾಗಿಲು ತೆರೆದಿದೆ, ರಸ್ತೆಯ ಹಿಮವನ್ನೂ ಸರಿಸಿದ್ದಾರೆ. ಒಂದು ತಿಂಗಳಿಂದ ಇಷ್ಟು ಉಸಿರು ಕಟ್ಟಿರಲಿಲ್ಲ.

ಫೆಬ್ರವರಿ ೮, ಶನಿವಾರ

ರಸ್ ಜೊತೆ ಆಸ್ಪತ್ರೆಗೆ ಹೋದೆ. ಅವರು ಕಾಫಿ ತರಲು ಹೋದಾಗ ಹೇಳಿದೆ. ನಮ್ಮ ಸಭೆಯಲ್ಲಾದರೆ ಮೊಣಕಾಲೂರಿ ಹೇಳಬೇಕು. ಇಲ್ಲಿ ಹೇಗೋ ತಿಳಿಯದೆ ಮಂಚದ ಕಂಬಿ ಹಿಡಿದು ನಿಂತೆ.

"ಪೆಟ್ಟಿಗೆ ಕೆಟ್ಟಿರಲಿಲ್ಲ. ನಾನೇ ತಗಡಿನ ಬೀರುವಿನಲ್ಲಿ ಮುಚ್ಚಿಟ್ಟಿದ್ದೆ. ನಮ್ಮೋರು ನೋಡ್ತಾರೆ ಅಂತ. ನೀನು ಬಡಿದದ್ದು ಮೊದಲನೇ ಸಲಾನೇ ಕೇಳಿಸಿತ್ತು."

 ಕೋರಿನ್ ಫೋನು ತೆಗೆದು ತೋರಿಸಿದಳು. ಅದರಲ್ಲಿ ಒಂದು ಪಟ್ಟಿ. "ಒಂದು ಐವತ್ತೆರಡಕ್ಕೆ ಹೋಯ್ತು, ಮೂರು ಹದಿನೇಳಕ್ಕೆ ಬಂತು. ಎಲ್ಲಾ ಬರೆದಿಟ್ಟುಕೊಳ್ಳುತ್ತೆ ಇದು. ಕರೆಂಟು ಹೋಗಿಲ್ಲ, ತಂತಿ ಬಿಚ್ಚಿಲ್ಲ. ಇಲ್ಲಿ ಮಲಗಿ ಬೇರೆ ಏನು ಮಾಡ್ಲಿ, ಇದನ್ನೇ ನೋಡ್ತಿದ್ದೆ."

"ಗೊತ್ತಿತ್ತಾ? ರಸ್‌ಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಅವತ್ತೇ ಓಡಿಸ್ತಿದ್ದ. ನಾನೇ ಓಡಿಸಬೇಕೋ ಬೇಡವೋ ಅಂತ ಆರು ದಿನದಿಂದ ಯೋಚಿಸ್ತಿದ್ದೀನಿ." ಅವಳ ದನಿಯಲ್ಲಿ ಸಿಟ್ಟಿತ್ತು. "ನೀನು ಬಾಯಿ ಬಿಡದೇ ಇದ್ದಿದ್ರೆ ಆ ಕೂಸನ್ನ ನಿನ್ನ ಕೈಗೆ ಕೊಡ್ತಿರಲಿಲ್ಲ. ಈಗಲೂ ಕೊಡ್ತೀನೋ ಇಲ್ವೋ, ಗೊತ್ತಿಲ್ಲ. ನಾಳೆ ಕೇಳು."

ಗಾಜಿನಾಚೆ ಕೂಸು ಅಂಗೈಯಷ್ಟಿದೆ. ಕೊಳವೆ ತೆಗೆದಿದ್ದಾರೆ. ತಾನೇ ಉಸಿರಾಡುತ್ತಿದೆ.

ಫೆಬ್ರವರಿ ೯, ಭಾನುವಾರ

ಟ್ಯಾಬಿನಲ್ಲಿ ಕರೆ ಮಾಡಿ, ಇರಲೋ ಹೋಗಲೋ ಎಂದು ಕೇಳಿದೆ. "ಇರು" ಎಂದಳು. ಅಷ್ಟೇ ಹೇಳಿ ಇಟ್ಟಳು.

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಅಮ್ಮ ಬಾಡಿಗೆ ವ್ಯಾನು ಮಾಡಿಕೊಂಡು ಬಂದಳು. ಇಲ್ಲಿ ಹೆರಿಗೆಯಾಯಿತಲ್ಲ, ಇನ್ನು ಆಡಾ ಚಿಕ್ಕಮ್ಮನ ಮಗಳ ಮನೆಗೆ. ಒಳಗೆ ಬಂದು ನನ್ನ ಗಂಟು ಹುಡುಕಿದಳು. ಕಟ್ಟಿರಲಿಲ್ಲ.

"ನಾನು ಬರಲ್ಲಮ್ಮ."

ಅಮ್ಮನಿಗೆ ಅಂಥ ಮಾತು ಹೇಳಿದ್ದು ಇದೇ ಮೊದಲು. ದನಿ ನಡುಗಲಿಲ್ಲ. ಅದು ನನಗೇ ವಿಚಿತ್ರವೆನಿಸಿತು. ಕೂಸು ಮನೆಗೆ ಬರಲು ಇನ್ನೂ ತಿಂಗಳಿದೆ, ಕೋರಿನ್ ನಾಡಿದ್ದು ಬರುತ್ತಾಳೆ, ಅವಳ ಹೊಲಿಗೆ ಒಣಗಿಲ್ಲ ಎಂದೆ. ಅವತ್ತು ನಡೆದದ್ದನ್ನೂ ಹೇಳಿದೆ. ಆಡಾ ಚಿಕ್ಕಮ್ಮ ನೋಡಿದರೆ ನಿನಗೆ ತಲೆ ತಗ್ಗಿಸುವ ಹಾಗಾಗುತ್ತದೆ ಎಂದು ಮುಚ್ಚಿಟ್ಟೆ ಎಂದೆ. ಮುಚ್ಚಿಟ್ಟದ್ದೇ ಸರಿ ಎಂದು ಅಮ್ಮ ಹೇಳುತ್ತಾಳೆಂದು ಕಾದೆ.

ಅಮ್ಮ ಮೆಟ್ಟಿಲ ಮೇಲೆ ಕೂತಳು.

"ನನ್ನ ಮೇಲೆ ಹಾಕಬೇಡ. ಆಡಾಳ ಮೇಲೂ ಹಾಕಬೇಡ. ಎಂಟು ಹೆತ್ತಿದ್ದೀನಿ, ಊರವರ ಹೆರಿಗೆ ಎಷ್ಟು ನೋಡಿದ್ದೀನೋ ಲೆಕ್ಕವಿಲ್ಲ. ಮೇಲೆ ಒಬ್ಬಳು ನೆಲ ಬಡೀತಿದ್ದಾಗ ನನ್ನ ಕೈಲಿ ಬಿಸ್ಕತ್ತು ಕೊಟ್ಟು ಕೂರಿಸಿದೆಯಲ್ಲ. ಹಿಮ ಅಂದೆ."

"ಹೌದು."

"ಇಂಗ್ಲಿಷರ ಮನೇಲಿ ಇಂಗ್ಲಿಷರ ಸಾಮಾನು ಇದ್ರೆ ಯಾರು ಏನಂತಾರೆ? ಅವರ ಕಾರು ಅಂಗಳದಲ್ಲಿ ನಿಂತಿತ್ತು, ಅದನ್ನ ಮುಚ್ಚಿದ್ಯಾ? ಫ್ರಿಜ್ಜು ಮುಚ್ಚಿದ್ಯಾ?"

 ಅಮ್ಮ ನಡುಮನೆಯ ಕಡೆ ತಲೆಯೆತ್ತಿ ಆ ಪೆಟ್ಟಿಗೆಯನ್ನೂ, ಅಂಚಿನ ಮೊಳೆಗಳ ಸಾಲನ್ನೂ, ಕ್ಯಾಲೆಂಡರಿನ ಹಿಂದಿನ ನನ್ನ ಬರಹವನ್ನೂ ನಿಧಾನವಾಗಿ ನೋಡಿದಳು. ಓದಿಯೂ ನೋಡಿದಳು, ಒಂದರಿಂದ ಇಪ್ಪತ್ತೈದರವರೆಗೆ.

"ಆ ಪೆಟ್ಟಿಗೆ ಬರೀ ಅವರದ್ದೇ ಆಗಿದ್ರೆ ನೀನು ಮುಚ್ಚಿಡ್ತಿರಲಿಲ್ಲ" ಎಂದಳು.

ಎದ್ದು ಹೋಗಿ ವ್ಯಾನಿನಲ್ಲಿ ಕೂತಳು. ಇಳಿಜಾರಿನಲ್ಲಿ ತಿರುಗುವವರೆಗೂ ಅವಳ ಕಪ್ಪು ಟೋಪಿ ಕಾಣುತ್ತಿತ್ತು. ಹಿಂತಿರುಗಿ ನೋಡಲಿಲ್ಲ.

ಅಮ್ಮ ಹಾಗೇಕೆ ಹೇಳಿದಳೋ ಗೊತ್ತಾಗಲಿಲ್ಲ. ಆಮೇಲೆ ಕೇಳಬೇಕು. ಕೂಸು ಬಂದಮೇಲೆ ಅದರ ಉಸಿರು ಕಾಯುವ ಯಂತ್ರವೊಂದು ಬರುತ್ತದಂತೆ, ತೊಟ್ಟಿಲನ್ನು ಸೂರಿನಡಿಯ ಕೋಣೆಯ ಬಡಗಣ ಮೂಲೆಯಲ್ಲಿ ಇಡುತ್ತಾರಂತೆ. ಆ ಮೂಲೆಯಲ್ಲಿ ನಮಗೆ ಎರಡೇ ಗೆರೆ ಇದೆ. ಸಾಲದು. ಕಂಪನಿಗೆ ಕರೆ ಮಾಡಿ ಇನ್ನೊಂದು ಮರಿಪೆಟ್ಟಿಗೆ ಕಳಿಸಲು ಹೇಳಿದೆ. ವಿಳಾಸ ಕೇಳಿದರು, ಹೇಳಿದೆ. ಯಾರ ಹೆಸರಿಗೆ ಎಂದರು. ನನ್ನ ಹೆಸರು ಬರೆಸಿದೆ.